ಹಬ್ಬದ ಸೀಸನ್‌ನಲ್ಲಿ ವಿಮಾನ: ಆಗ ಹೇಗಿತ್ತು, ಈಗ ಹೇಗಾಗಿದೆ?

ಜಯನಗರದ ಹಳಬ

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ಫ್ಲೈಟುಗಳು ಸಾಲುಸಾಲಾಗಿ ರದ್ದಾದಾಗಿನ ಏರ್‌ಪೋರ್ಟ್ ವಿಡಿಯೊಗಳನ್ನು ಎಲ್ಲರೂ ನೋಡಿರುತ್ತೀರಿ. ಸೂಟ್‌ಕೇಸುಗಳ ರಾಶಿ, ನೆಲದ ಮೇಲೆ ಟವೆಲ್ ಹಾಸಿ ಮಲಗಿದ ಜನ. ಕ್ರಿಸ್‌ಮಸ್ ರಜೆ ಇನ್ನೂ ಶುರುವೇ ಆಗಿರಲಿಲ್ಲ. "ನಿಮ್ಮ ಕಾಲದಲ್ಲಿ ಹೀಗೆಲ್ಲ ಇರಲಿಲ್ಲ ಅಲ್ವಾ ಮಾವ" ಎಂದ ಅಕ್ಕನ ಮಗ. ಹೇಗಿರುತ್ತೆ? ನಮ್ಮ ಕಾಲದಲ್ಲಿ ಹಬ್ಬಕ್ಕೆ ವಿಮಾನದಲ್ಲಿ ಹೋಗುವವರು ಅಂದರೆ ಕಂಪನಿ ಡೈರೆಕ್ಟರುಗಳು, ಸಿನಿಮಾದವರು, ಮಂತ್ರಿಗಳು. ನಾವೆಲ್ಲ ಮೆಜೆಸ್ಟಿಕ್‌ನಲ್ಲಿ ಕೆಂಪು ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತಿದ್ದವರು.

ನನಗನ್ನಿಸುವುದು ಇಷ್ಟು. ಮೊದಲು ವಿಮಾನ ಹತ್ತುವುದೇ ಕಷ್ಟ, ಹತ್ತಿದರೆ ಮನೆ ಸೇರಿದ ಹಾಗೆ. ಈಗ ಟಿಕೆಟ್ ಯಾರು ಬೇಕಾದರೂ ತಗೊಳ್ಳಬಹುದು. ಆದರೆ ಹಬ್ಬದ ಹಿಂದಿನ ಸಂಜೆ, ಹೇಳಿದ ಹೊತ್ತಿಗೆ, ಕೈಗೆಟುಕುವ ದುಡ್ಡಿಗೆ ಮನೆ ಮುಟ್ಟುವುದು ಕಷ್ಟವಾಗಿದೆ. ನೀವೇನಂತೀರಿ? ಬೆಂಗಳೂರಿನ ಹಳೇ ಎಚ್‌ಎಎಲ್ ಏರ್‌ಪೋರ್ಟ್ ಕಾಲದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಕೌಂಟರ್ ನಂಬರ್ 4

ಇದ್ದೇನೆ ಸರ್. ಎಚ್‌ಎಎಲ್‌ನಲ್ಲಿ ಚೆಕ್-ಇನ್ ಕೌಂಟರಿನ ಹಿಂದೆ ಕೂತೇ ಅರ್ಧ ಆಯಸ್ಸು ಕಳೆದವನು ನಾನು. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

1953ರ ಕಾಯ್ದೆಯ ಪ್ರಕಾರ ದೇಶದೊಳಗೆ ನಿಗದಿತ ವಿಮಾನ ಓಡಿಸುವ ಹಕ್ಕು ಸರ್ಕಾರಿ ಕಂಪನಿಗಳಿಗೆ ಮಾತ್ರ ಇತ್ತು. ಅದನ್ನು ತೆಗೆದುಹಾಕಿದ್ದು 1994ರಲ್ಲಿ. ಅಲ್ಲಿಯವರೆಗೆ ದರ ಒಂದೇ. ದಸರಾ ಇರಲಿ, ಆಷಾಢ ಇರಲಿ, ಬೆಂಗಳೂರಿಂದ ಬಾಂಬೆಗೆ ಅಷ್ಟೇ. ಹಾಗಾಗಿ ಹಬ್ಬದ ವಾರದಲ್ಲಿ ಜಗಳ ದುಡ್ಡಿನದ್ದಲ್ಲ, ಸೀಟಿನದ್ದು. ವೇಟಿಂಗ್ ಲಿಸ್ಟ್ ಒಂದು ಕಡೆ, ಅದರ ಮೇಲೆ 'ಚಾನ್ಸ್' ಪಟ್ಟಿ. ಟಿಕೆಟ್ ಪಕ್ಕಾ ಆಗದವರು ಬೆಳಗಿನ ಜಾವವೇ ಬಂದು ನಮ್ಮ ಮುಂದೆ ನಿಲ್ಲುತ್ತಿದ್ದರು. ಕೌಂಟರ್ ಮುಚ್ಚುವ ಹೊತ್ತಿಗೆ ಬಾರದವರ ಸೀಟು ಎಣಿಸಿ, ಪಟ್ಟಿಯಿಂದ ಹೆಸರು ಕೂಗುವುದು. ಆ ಹೊತ್ತಿನಲ್ಲಿ ನಮಗೆ ಸಿಗುತ್ತಿದ್ದ ನಮಸ್ಕಾರ, ಶಿಫಾರಸು ಪತ್ರ, ಯಾರ್ಯಾರದ್ದೋ ಹೆಸರು ಹೇಳಿ ಬರುವ ಫೋನು, ಅದೇ ಒಂದು ಪುಸ್ತಕವಾಗುತ್ತೆ.

ಟಿಕೆಟ್ ಅಂದರೆ ಚೆಕ್‌ಬುಕ್ ಥರ ಇರುತ್ತಿತ್ತು. ಹಾಳೆಯ ಹಿಂದೆ ಕೆಂಪು ಕಾರ್ಬನ್. ಸಂಜೆ ಹೊತ್ತಿಗೆ ನಮ್ಮ ಬೆರಳೆಲ್ಲ ಕೆಂಪು. ಅದನ್ನು ಕಳೆದುಕೊಂಡರೆ ಮುಗಿಯಿತು ಕಥೆ. 2008ರ ಜೂನ್ 1ರಿಂದ ಜಗತ್ತಿನಾದ್ಯಂತ ಕಾಗದದ ಟಿಕೆಟ್ ನಿಂತಿತು. ಈಗಿನವರಿಗೆ ನಂಬಲು ಕಷ್ಟವಾಗುವ ಇನ್ನೊಂದು ಸಂಗತಿ ಇದೆ. ವಿಮಾನದ ಪಕ್ಕ, ಬಯಲಲ್ಲಿ, ಎಲ್ಲರ ಲಗೇಜನ್ನೂ ಸಾಲಾಗಿ ಇಟ್ಟಿರುತ್ತಿದ್ದರು. ನೀವು ನಡೆದು ಹೋಗಿ ನಿಮ್ಮ ಪೆಟ್ಟಿಗೆಯನ್ನು ಬೆರಳು ಮಾಡಿ ತೋರಿಸಬೇಕು. ಲೋಡರ್ ಅದರ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದ. ಯಾರೂ ತೋರಿಸದ ಪೆಟ್ಟಿಗೆ ವಿಮಾನ ಹತ್ತುತ್ತಿರಲಿಲ್ಲ. ಆಮೇಲೆ ಮೆಟ್ಟಿಲು ಹತ್ತಿ ಒಳಗೆ ಹೋದರೆ ತಟ್ಟೆಯಲ್ಲಿ ಚಾಕೊಲೇಟು, ಕಿವಿಗೆ ಹತ್ತಿ.

ಭದ್ರತೆ ಬದಲಾಗಿದ್ದು ಒಂದು ರಜೆ ವಾರದಲ್ಲೇ. 1999ರ ಡಿಸೆಂಬರ್ 24. ಕಠ್ಮಂಡುವಿನಿಂದ ದೆಹಲಿಗೆ ಬರುತ್ತಿದ್ದ ಐಸಿ-814 ಅಪಹರಣವಾಯಿತು. ಕಂದಹಾರ್‌ನಲ್ಲಿ ಅದು ಮುಗಿದದ್ದು 31ಕ್ಕೆ. ಆ ವಾರ ಕೌಂಟರಿನ ಮುಂದೆ ನಿಂತವರಲ್ಲಿ ಯಾರ ಮುಖದಲ್ಲೂ ರಜೆಯ ಕಳೆ ಇರಲಿಲ್ಲ. 2000ದಿಂದ ಒಂದೊಂದೇ ಏರ್‌ಪೋರ್ಟು ರಾಜ್ಯ ಪೊಲೀಸರ ಕೈಯಿಂದ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಕೈಗೆ ಹೋಯಿತು. ಬ್ಯಾಗಿನ ಟ್ಯಾಗಿಗೆ ಸೀಲು ಹೊಡೆಯುವುದು ಎಷ್ಟು ಬಿಗಿಯಿತ್ತೆಂದರೆ, ಒಂದು ಸೀಲು ಮರೆತರೂ ಗೇಟಿನಿಂದ ವಾಪಸ್. 2017ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ ಏಳು ದೊಡ್ಡ ಏರ್‌ಪೋರ್ಟುಗಳಲ್ಲಿ ಅದನ್ನು ನಿಲ್ಲಿಸಿದರು. ಈಗ ಡಿಜಿಯಾತ್ರಾದಲ್ಲಿ ಮುಖ ತೋರಿಸಿದರೆ ಗೇಟು ತೆರೆದುಕೊಳ್ಳುತ್ತೆ. ನಾನು ಮಾತ್ರ ಈಗಲೂ ಬೋರ್ಡಿಂಗ್ ಪಾಸ್ ಪ್ರಿಂಟ್ ತೆಗೆದುಕೊಂಡೇ ಹೋಗುವುದು.

ಧಾರವಾಡ ಪೇಡ

ಕೌಂಟರ್ ಸರ್, ಭಾಳ ಚಲೋ ಬರೆದೀರಿ. ಆದರೆ ನಮ್ಮಂಥವರ ಕಥೆ ಶುರುವಾಗುವುದೇ 2003ರ ಆಗಸ್ಟ್‌ನಿಂದ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಶುರು ಮಾಡಿದ ವರ್ಷ. ಹುಬ್ಬಳ್ಳಿಗೆ ಫ್ಯಾನ್ ಇರುವ ಸಣ್ಣ ಎಟಿಆರ್ ವಿಮಾನ. ಆರ್.ಕೆ. ಲಕ್ಷ್ಮಣ್ ಅವರ 'ಕಾಮನ್ ಮ್ಯಾನ್' ಅದರ ಗುರುತು. ಊಟ ಇಲ್ಲ, ನೀರಿಗೂ ದುಡ್ಡು, ಬೋರ್ಡಿಂಗ್ ಪಾಸಿನಲ್ಲಿ ಸೀಟ್ ನಂಬರ್ ಇಲ್ಲ. ಬಸ್ಸಿಂದ ಇಳಿದದ್ದೇ ತಡ ಮೆಟ್ಟಿಲ ಕಡೆಗೆ ಓಟ. ಹಳಬರೇ, ನಿಮ್ಮ ಕರ್ಚೀಫ್ ಅಭ್ಯಾಸ ಅಲ್ಲೂ ನಡೆಯುತ್ತಿತ್ತು. ಗಣೇಶ ಚೌತಿಗೆ ಹೊರಟ ಒಬ್ಬ ಹಿರಿಯರು ಎರಡು ಸೀಟಿಗೆ ಟವೆಲ್ ಹಾಸಿ "ಬರ್ತಾರೆ, ಬರ್ತಾರೆ" ಅಂತ ಎಲ್ಲರನ್ನೂ ಮುಂದೆ ಕಳಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಒಂದು ರೂಪಾಯಿ ಟಿಕೆಟ್ ಆಗ ದೊಡ್ಡ ಸುದ್ದಿ. ಸಿಗುತ್ತಿದ್ದುದು ಕೆಲವೇ ಕೆಲವು ಸೀಟು, ಅದೂ ಯಾರಿಗೂ ಬೇಡದ ಮಂಗಳವಾರದ್ದು. ಹಬ್ಬಕ್ಕಂತೂ ಸಿಗುತ್ತಿರಲಿಲ್ಲ. ಆದರೂ ನಮ್ಮ ಓಣಿಯಲ್ಲಿ "ಇಮಾನದಾಗ ಬಂದಾನ" ಅನ್ನಿಸಿಕೊಳ್ಳಲು ಅಷ್ಟು ಸಾಕಾಗಿತ್ತು. ಆಮೇಲೆ ಆ ಕಂಪನಿ ಕಿಂಗ್‌ಫಿಷರ್ ಜೊತೆ ಸೇರಿತು, 2012ರಲ್ಲಿ ಕಿಂಗ್‌ಫಿಷರ್ ಕೂಡ ನಿಂತಿತು. ಆದರೆ ಅವರು ಶುರು ಮಾಡಿದ ಲೆಕ್ಕಾಚಾರ, ಅಂದರೆ ಬೇಗ ತಗೊಂಡವರಿಗೆ ಕಡಿಮೆ, ತಡವಾಗಿ ಬಂದವರಿಗೆ ಜಾಸ್ತಿ, ಇವತ್ತು ಎಲ್ಲರದ್ದೂ ಅದೇ.

ಶಾಂತಕ್ಕ

ಟವೆಲ್ ಹಾಸಿದವರು ನಮ್ಮ ಯಜಮಾನರೇ ಇರಬೇಕು 😄

ಟಿಕೆಟ್ ಶೆಟ್ರು

ಟ್ರಾವೆಲ್ ಏಜೆನ್ಸಿ ನಡೆಸುವವನಾಗಿ ಆ ಲೆಕ್ಕಾಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರತಿ ಹಬ್ಬಕ್ಕೂ ನನಗೆ ಬೈಗುಳ ಬೀಳುವುದು ಇದರಿಂದಲೇ.

ವಿಮಾನದ 180 ಸೀಟಿಗೆ ಒಂದೇ ದರ ಇರುವುದಿಲ್ಲ. ಅದನ್ನು ಹತ್ತಾರು 'ಬಕೆಟ್' ಮಾಡಿರುತ್ತಾರೆ. ಕೆಳಗಿನ ಬಕೆಟ್‌ನ ಸೀಟು ಖಾಲಿಯಾದರೆ ಮುಂದಿನದು ತೆರೆಯುತ್ತದೆ. ಮಾಮೂಲಿ ದಿನಗಳಲ್ಲಿ ಕೆಳಗಿನ ಬಕೆಟ್‌ಗಳಲ್ಲಿ ಸಾಕಷ್ಟು ಸೀಟು ಇಟ್ಟಿರುತ್ತಾರೆ. ದೀಪಾವಳಿ ಹಿಂದಿನ ಶುಕ್ರವಾರಕ್ಕೆ ಅವನ್ನು ತೆರೆಯುವುದೇ ಇಲ್ಲ, ಅಥವಾ ನಾಲ್ಕೈದು ಸೀಟು ಕೊಟ್ಟು ಮುಚ್ಚುತ್ತಾರೆ. "ಬೆಳಿಗ್ಗೆ ನೋಡಿದಾಗ ಇದ್ದ ದರ ಸಂಜೆಗೆ ಯಾಕೆ ಏರಿತು, ನಾನು ಪದೇ ಪದೇ ನೋಡಿದ್ದಕ್ಕಾ" ಅಂತ ಕೇಳುತ್ತಾರೆ. ಬೇರೆ ಯಾರೋ ಆ ಸೀಟು ತಗೊಂಡರು, ಅಷ್ಟೇ.

ಇದರಲ್ಲಿ ಒಂದು ಉಪಯೋಗದ ವಿಷಯ ಇದೆ. ನೀವು ನಾಲ್ಕು ಜನಕ್ಕೆ ಹುಡುಕಿದಾಗ ಕೆಳಗಿನ ಬಕೆಟ್‌ನಲ್ಲಿ ಮೂರೇ ಸೀಟು ಉಳಿದಿದ್ದರೆ, ಎಷ್ಟೋ ಸೈಟುಗಳು ನಾಲ್ಕೂ ಜನಕ್ಕೆ ಮೇಲಿನ ದರವನ್ನೇ ತೋರಿಸುತ್ತವೆ. ಒಬ್ಬರಿಗೆ ಒಮ್ಮೆ ಹುಡುಕಿ, ಮೂವರಿಗೆ ಒಮ್ಮೆ ಹುಡುಕಿ. ವ್ಯತ್ಯಾಸ ಕಂಡರೆ ಬೇರೆ ಬೇರೆ ಬುಕ್ ಮಾಡಿ. ಆದರೆ ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್, ಬೇರೆಯಾಗುತ್ತದೆ. ಫ್ಲೈಟ್ ರದ್ದಾದರೆ ಒಂದೇ ಮನೆಯವರನ್ನು ಎರಡು ವಿಮಾನಕ್ಕೆ ಹಂಚಿಬಿಡಬಹುದು. ಚಿಕ್ಕ ಮಕ್ಕಳಿದ್ದರೆ ನಾನು ಇದನ್ನು ಹೇಳುವುದಿಲ್ಲ.

ಇನ್ನು ತಾರೀಖು. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20, ಸೋಮವಾರ. ಬಲಿಪಾಡ್ಯಮಿ 22. ಎಲ್ಲರೂ 17ರ ಸಂಜೆಗೇ ಮುಗಿಬಿದ್ದರು. 20ರ ಬೆಳಿಗ್ಗೆಯ ಫ್ಲೈಟುಗಳಲ್ಲಿ ದರ ಇಳಿದಿತ್ತು. ನನ್ನ ಒಬ್ಬ ಗಿರಾಕಿಗೆ ಹೇಳಿದೆ. ಅವರು ಮನೆಗೆ ಫೋನ್ ಮಾಡಿ ಕೇಳಿ ಬಂದು, "ನೀರು ತುಂಬುವ ಹಬ್ಬಕ್ಕೆ ಮನೇಲಿರಬೇಕಂತೆ, ಎಣ್ಣೆ ಸ್ನಾನ ತಪ್ಪಿದರೆ ಬರೋದೇ ಬೇಡ ಅಂದರು ಅಮ್ಮ" ಎಂದು ದುಬಾರಿ ಟಿಕೆಟನ್ನೇ ತಗೊಂಡರು. ಏರ್‌ಲೈನ್‌ನವರಿಗೆ ಇದು ಚೆನ್ನಾಗಿ ಗೊತ್ತು.

ಮಲೆನಾಡು ಮಳೆ

ಶೆಟ್ರೇ, ಖಾಸಗಿ ಬಸ್ಸಿನವರು ಕಡಿಮೆಯಾ? ಹಬ್ಬದ ಹಿಂದಿನ ರಾತ್ರಿ ಸ್ಲೀಪರ್ ದರ ನೋಡಿ ವಿಮಾನ ಹತ್ತಿದವಳು ನಾನು. ಶಿವಮೊಗ್ಗಕ್ಕೆ 2023ರ ಆಗಸ್ಟ್ 31ರಿಂದ ವಿಮಾನ ಬಂದಿದೆಯಲ್ಲ. ಗಾಳಿಯಲ್ಲಿ ಇರುವುದು ಒಂದು ಗಂಟೆಯೂ ಅಲ್ಲ. ಆದರೆ ಕೆಂಗೇರಿಯಿಂದ ದೇವನಹಳ್ಳಿ ಮುಟ್ಟಬೇಕಲ್ಲ! ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತು ತಲೆ ಮೇಲೆ ಹೋಗುವ ವಿಮಾನ ನೋಡುತ್ತಾ "ಇದೇ ನಮ್ಮದಿರಬೇಕು" ಅಂದುಕೊಳ್ಳುವುದು. ಆಮೇಲೆ ಶಿವಮೊಗ್ಗದಲ್ಲಿ ಇಳಿದು ತೀರ್ಥಹಳ್ಳಿಗೆ ಮತ್ತೆ ಟ್ಯಾಕ್ಸಿ. ಮೋಡ ಮಂಜು ಕವಿದರೆ ಅದೂ ಇಲ್ಲ. ನನ್ನ ತಮ್ಮ ರಾತ್ರಿ ಸರ್ಕಾರಿ ಬಸ್ಸು ಹತ್ತಿ, ನನಗಿಂತ ಮೊದಲು ಮನೆ ಸೇರಿ, ಕಾಫಿ ಕುಡಿಯುತ್ತಾ ಕೂತಿದ್ದ.

ಜಯನಗರದ ಹಳಬ

ಎಚ್‌ಎಎಲ್ ಆಗಿದ್ದರೆ ಆಟೊದಲ್ಲಿ ಹೋಗಬಹುದಿತ್ತು. 2008ರ ಮೇ 24ರಂದು ಅದು ಮುಚ್ಚಿ ದೇವನಹಳ್ಳಿ ಶುರುವಾದಾಗ ನಾವು ಎಷ್ಟು ಬೈದುಕೊಂಡೆವು! ಆದರೆ ನಿಜ ಹೇಳಬೇಕೆಂದರೆ ಇವತ್ತಿನ ಹಬ್ಬದ ಜನ ಆ ಹಳೇ ಕಟ್ಟಡದಲ್ಲಿ ಹಿಡಿಸುತ್ತಲೇ ಇರಲಿಲ್ಲ. ಇಲ್ಲಿ 2019ರಲ್ಲಿ ಎರಡನೇ ರನ್‌ವೇ, 2023ರಿಂದ ಎರಡನೇ ಟರ್ಮಿನಲ್ ಓಡುತ್ತಿದೆ. ಮೆಟ್ರೊ ಮಾತ್ರ ಇನ್ನೂ ಬರಬೇಕು.

ಪಣಂಬೂರು ಬೀಚ್

ನೀವೆಲ್ಲ ಊರೊಳಗಿನ ಹಬ್ಬದ ಮಾತಾಡುತ್ತಿದ್ದೀರಿ. ಕರಾವಳಿಯವರಿಗೆ ಹಬ್ಬದ ವಿಮಾನ ಅಂದರೆ ಗಲ್ಫ್ ವಿಮಾನ.

ನಮ್ಮ ಮಂಗಳೂರಿನ ಬಜ್ಪೆ ಏರ್‌ಪೋರ್ಟ್ ಶುರುವಾದದ್ದೇ ಕ್ರಿಸ್‌ಮಸ್ ದಿನ, 1951ರ ಡಿಸೆಂಬರ್ 25ಕ್ಕೆ. ನೆಹರೂ ಅವರು ಡಕೋಟಾದಲ್ಲಿ ಬಂದಿಳಿದಿದ್ದರು. ಆದರೆ ಅಲ್ಲಿಂದ ದುಬೈಗೆ ನೇರ ವಿಮಾನ ಬರಲು 2006 ಆಗಬೇಕಾಯಿತು. ಅಲ್ಲಿಯವರೆಗೆ ನಮ್ಮ ಅಪ್ಪನಂಥವರು ಬಾಂಬೆಯಲ್ಲಿ ಇಳಿದು, ಸಹಾರ್‌ನಲ್ಲಿ ಕಸ್ಟಮ್ಸ್ ಮುಗಿಸಿ, ಬಸ್ಸಿನ ಟಾಪ್ ಮೇಲೆ ಪೆಟ್ಟಿಗೆ ಹೇರಿಸಿ, ಹೆದ್ದಾರಿಯುದ್ದಕ್ಕೂ ಕೂತು ಬರಬೇಕಿತ್ತು. ರಟ್ಟಿನ ಪೆಟ್ಟಿಗೆ, ಅದಕ್ಕೆ ಹಸಿರು ನೈಲಾನ್ ಹಗ್ಗ, ಮೇಲೆ ಮಾರ್ಕರ್‌ನಲ್ಲಿ ಹೆಸರು, ಊರು, ತಾಲೂಕು. ಒಳಗೆ ಕಂಬಳಿ, ಟ್ಯಾಂಗ್ ಡಬ್ಬಿ, ಹಾಲಿನ ಪುಡಿ, ಟೈಗರ್ ಬಾಮ್, ಅಮ್ಮನಿಗೆ ಸೀರೆ. ಹಬ್ಬಕ್ಕೆ ಬಂದ ಮನುಷ್ಯ ಸುಸ್ತಾಗಿ ಎರಡು ದಿನ ಮಲಗುತ್ತಿದ್ದ.

ಈಗ ನಾನು ದುಬೈನಲ್ಲಿ ಸಂಜೆ ಕೆಲಸ ಮುಗಿಸಿ ಹೊರಟರೆ ಬೆಳಗಿನ ತಿಂಡಿಗೆ ಮನೆಯಲ್ಲಿ. ಸುಖವೇ. ಆದರೆ ದರ ನೋಡಿ. ಈದ್, ಕ್ರಿಸ್‌ಮಸ್, ಅದಕ್ಕಿಂತ ಜಾಸ್ತಿ ಜುಲೈ-ಆಗಸ್ಟ್. ಗಲ್ಫ್ ಶಾಲೆಗಳಿಗೆ ರಜೆ ಆಗಲೇ ಅಲ್ವಾ. ಮಾಮೂಲಿ ದಿನದ ಮೂರು ಪಟ್ಟು ಕೊಟ್ಟು ಬಂದಿದ್ದೇನೆ. ಸಂಬಳ ಚೆನ್ನಾಗಿರುವವರ ಮಾತು ಬಿಡಿ. ಲೇಬರ್ ಕ್ಯಾಂಪಿನ ಹುಡುಗರು ಹಬ್ಬಕ್ಕೆ ಬರುವುದನ್ನೇ ಬಿಟ್ಟಿದ್ದಾರೆ. ಅವರು ಬರುವುದು ಸೀಸನ್ ಇಲ್ಲದ ತಿಂಗಳಲ್ಲಿ. ಹಬ್ಬದ ದಿನ ವಿಡಿಯೊ ಕಾಲ್. ಕಾಸರಗೋಡು ಕಡೆಯವರು 2018ರಿಂದ ಕಣ್ಣೂರು ಏರ್‌ಪೋರ್ಟನ್ನೂ ನೋಡುತ್ತಾರೆ. ಮನೆ ಗಡಿಯ ಹತ್ತಿರ ಇದ್ದರೆ ಎರಡೂ ದರ ತಾಳೆ ನೋಡಿ.

ಎಡಿಸನ್ ಕನ್ನಡಿಗ

ಅಮೆರಿಕದಿಂದ ಬರುವವರದ್ದು ಬೇರೆಯೇ ತಲೆನೋವು. ಇಲ್ಲಿನ ಶಾಲೆಗಳಿಗೆ ಡಿಸೆಂಬರ್ ಕೊನೆ ವಾರ ರಜೆ, ಎಲ್ಲರಿಗೂ ಅದೇ ವಾರ. ದೀಪಾವಳಿಗೆ ಊರಿಗೆ ಬರುವ ಕನಸು ಮಕ್ಕಳು ಶಾಲೆಗೆ ಸೇರಿದ ದಿನವೇ ಮುಗಿಯಿತು. ನಮ್ಮ ಹಬ್ಬ ಈಗ ಕ್ರಿಸ್‌ಮಸ್ಸೇ! ಬಾಂಬೆಯಲ್ಲಿ ಅರ್ಧರಾತ್ರಿ ಇಳಿದು, ಬೆಳಗಿನ ಬೆಂಗಳೂರು ವಿಮಾನಕ್ಕೆ ಇನ್ನೊಂದು ಟರ್ಮಿನಲ್‌ಗೆ ಲಗೇಜ್ ತಳ್ಳಿಕೊಂಡು ಹೋಗುವ ಕಾಲ ಹೋಯಿತು. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನವೇ ಬಂತು. ಮೊದಲ ಹಾರಾಟದ ಪೈಲಟ್‌ಗಳೆಲ್ಲ ಹೆಂಗಸರು.

ಆದರೆ 2025ರಲ್ಲಿ ಚಿಂತೆ ಟಿಕೆಟ್‌ದಲ್ಲ, ವೀಸಾದ್ದು. ಸೆಪ್ಟೆಂಬರ್ 19ರಂದು ಇಲ್ಲಿನ ಕೆಲಸದ ವೀಸಾ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಘೋಷಣೆಯಾಯಿತು. ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮೊದಲು. ಊರಿಗೆ ಹೊರಟು ವಿಮಾನದೊಳಗೆ ಕೂತಿದ್ದವರೇ ಗಾಬರಿಯಾಗಿ ಇಳಿದುಬಿಟ್ಟರು. ಹಳೇ ವೀಸಾದವರಿಗೆ ಅದು ಅನ್ವಯಿಸುವುದಿಲ್ಲ ಎಂದು ಮರುದಿನ ಗೊತ್ತಾಯಿತು. ಆಮೇಲೆ ಡಿಸೆಂಬರ್‌ನಲ್ಲಿ ಸ್ಟಾಂಪಿಂಗ್‌ಗೆ, ಅಂದರೆ ಪಾಸ್‌ಪೋರ್ಟಿಗೆ ವೀಸಾ ಹಾಕಿಸಲು, ಅಂತ ಊರಿಗೆ ಬಂದವರ ಅಪಾಯಿಂಟ್‌ಮೆಂಟ್‌ಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ನಮ್ಮ ಗೆಳೆಯರ ಬಳಗದಲ್ಲಿ ಸ್ಟಾಂಪಿಂಗ್ ಬಾಕಿ ಇದ್ದವರು ಆ ಸಲ ಊರಿಗೆ ಹೊರಡಲೇ ಇಲ್ಲ.

ಏರ್‌ಬ್ಯಾಂಡ್ ಕಿವಿ

ಡಿಸೆಂಬರ್ ಗಲಾಟೆ ಯಾಕಾಯಿತು ಅಂತ ಯಾರೂ ಹೇಳಲಿಲ್ಲ. ಪೈಲಟ್‌ಗಳ ಕೆಲಸದ ಹೊತ್ತಿನ ಹೊಸ ನಿಯಮದ ಎರಡನೇ ಕಂತು 2025ರ ನವೆಂಬರ್ 1ಕ್ಕೆ ಜಾರಿಯಾಯಿತು. ಜುಲೈಯ ಮೊದಲ ಕಂತಿನಲ್ಲೇ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತ್ತು. ಈ ಕಂತಿನಲ್ಲಿ ಒಬ್ಬ ಪೈಲಟ್‌ನ ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ನೂರರಲ್ಲಿ ಅರವತ್ತಕ್ಕೂ ಹೆಚ್ಚು ದೇಶೀಯ ಪ್ರಯಾಣಿಕರು ಹೋಗುವುದು ಇಂಡಿಗೋದಲ್ಲಿ. ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳು ಅದರ ಬಳಿ ಇರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಜಾಸ್ತಿ ಫ್ಲೈಟು ರದ್ದು. ಮರುದಿನ ಸರ್ಕಾರ ದರಕ್ಕೆ ಮಿತಿ ಹಾಕಿತು. 500 ಕಿ.ಮೀ. ಒಳಗೆ 7,500 ರೂಪಾಯಿ, 1,500 ಕಿ.ಮೀ. ದಾಟಿದರೆ 18,000.

ನಿಯಮ ತಪ್ಪು ಅನ್ನುವವರ ಜೊತೆ ನನ್ನ ಜಗಳ ಇದೆ. ನಿದ್ದೆಗೆಟ್ಟ ಪೈಲಟ್ ನನಗೆ ಬೇಡ. ನಿಯಮ ಬರುತ್ತದೆ ಅಂತ ತಿಂಗಳುಗಳ ಮೊದಲೇ ಗೊತ್ತಿತ್ತು. ನನಗನ್ನಿಸುವ ಪ್ರಕಾರ ರೋಗ ಬೇರೆ. ಮೊದಲು ಫ್ಲೈಟುಗಳ ನಡುವೆ ಬಿಡುವು ಇರುತ್ತಿತ್ತು. ಈಗ ಒಂದೇ ವಿಮಾನ ಬೆಳಿಗ್ಗೆಯಿಂದ ರಾತ್ರಿವರೆಗೆ ಐದಾರು ಊರು ಸುತ್ತುತ್ತದೆ. ದೆಹಲಿಯಲ್ಲಿ ಬೆಳಿಗ್ಗೆ ಮಂಜು ಬಿದ್ದರೆ ಸಂಜೆ ನಿಮ್ಮ ಮಂಗಳೂರು ಫ್ಲೈಟು ತಡ. ಮನೆಯವರು ಕೇಳುತ್ತಾರೆ, "ಇಲ್ಲಿ ಬಿಸಿಲಿದೆಯಲ್ಲ, ಯಾಕೆ ತಡ?" ಅದಕ್ಕೇ ಹಬ್ಬದ ವಾರ ಆದಷ್ಟು ಬೆಳಗಿನ ಫ್ಲೈಟು ತಗೊಳ್ಳಿ. ದಿನ ಕಳೆದ ಹಾಗೆ ತಡ ಬೆಳೆಯುತ್ತಾ ಹೋಗುತ್ತದೆ.

ಟಿಕೆಟ್ ಶೆಟ್ರು

ದರ ಮಿತಿ ಹೊಸದೇನಲ್ಲ. ಲಾಕ್‌ಡೌನ್ ಆದ ಮೇಲೆ 2020ರ ಮೇ 25ಕ್ಕೆ ವಿಮಾನ ಮತ್ತೆ ಹಾರಿದಾಗಲೂ ಇತ್ತು, 2022ರ ಆಗಸ್ಟ್ 31ರವರೆಗೆ. ಇನ್ನೊಂದು ವಿಷಯ. ಏರ್‌ಲೈನ್ ತಪ್ಪಿನಿಂದ ಕೊನೇ ಗಳಿಗೆಯಲ್ಲಿ ರದ್ದಾದರೆ ಟಿಕೆಟ್ ದುಡ್ಡಿನ ಜೊತೆಗೆ ಪರಿಹಾರವೂ ಇದೆ, ಪ್ರಯಾಣದ ಹೊತ್ತಿಗೆ ತಕ್ಕಂತೆ 5,000ದಿಂದ 10,000 ರೂಪಾಯಿವರೆಗೆ. ಹವಾಮಾನ ಅಂತ ಕಾರಣ ಕೊಟ್ಟರೆ ಪರಿಹಾರ ಇಲ್ಲ. ಕಾರಣವನ್ನು ಮೆಸೇಜಿನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಶಾಂತಕ್ಕ

ಎಲ್ಲರೂ ಬರೀ ಗೋಳೇ ಹೇಳುತ್ತಿದ್ದೀರಿ. ನಾನು ಬೇರೆ ಹೇಳುತ್ತೇನೆ. ನಮ್ಮತ್ತೆಗೆ ಎಂಬತ್ತು ದಾಟಿದೆ, ಮಂಡಿ ನೋವು. ಮೊದಲಾಗಿದ್ದರೆ ಪುಣೆಯ ಮಗಳ ಮನೆಗೆ ಗೌರಿ ಹಬ್ಬಕ್ಕೆ ಹೋಗುವ ಮಾತೇ ಇರಲಿಲ್ಲ. ಈಗ ವೀಲ್‌ಚೇರ್ ಅಂತ ಬುಕಿಂಗ್‌ನಲ್ಲೇ ಬರೆದರೆ ಬಾಗಿಲಿಂದ ಸೀಟಿನವರೆಗೆ ಒಬ್ಬ ಹುಡುಗ ಕರೆದುಕೊಂಡು ಹೋಗುತ್ತಾನೆ. ಅತ್ತೆ ಅವನಿಗೆ ದಾರಿಯುದ್ದಕ್ಕೂ ಊರು, ಮನೆ, ಮದುವೆ ಎಲ್ಲ ವಿಚಾರಿಸಿ, ಇಳಿಯುವಾಗ ಬಾಗಿನದ ಚೀಲದಿಂದ ಒಂದು ಬಾಳೆಹಣ್ಣು ಕೊಟ್ಟರು. ಒಂದೇ ಬೇಸರ, ಕೈಚೀಲದಲ್ಲಿದ್ದ ಮಾವಿನಕಾಯಿ ಉಪ್ಪಿನಕಾಯಿ ಡಬ್ಬಿ ಸೆಕ್ಯೂರಿಟಿಯಲ್ಲಿ ಹೋಯಿತು. ಎಣ್ಣೆ, ಖಾರ ಅಂತೆ. ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಕು, ಮುಚ್ಚಳಕ್ಕೆ ಟೇಪ್ ಸುತ್ತಿ.

ಮಾಲೆಧಾರಿ

ಶಾಂತಕ್ಕ, ತೆಂಗಿನಕಾಯಿಗೂ ಕ್ಯಾಬಿನ್‌ನಲ್ಲಿ ಅವಕಾಶ ಇರಲಿಲ್ಲ. ನಮಗೆ ಅದೇ ದೊಡ್ಡ ಕಷ್ಟ. ತುಪ್ಪದ ಕಾಯಿ ಇರುವ ಇರುಮುಡಿಯನ್ನು ಲಗೇಜಿಗೆ ಹಾಕಿ ಎಲ್ಲರ ಸೂಟ್‌ಕೇಸಿನ ಕೆಳಗೆ ತಳ್ಳಲು ಯಾರಿಗೆ ಮನಸ್ಸು ಬರುತ್ತೆ? ತಲೆ ಮೇಲೆ ಹೊತ್ತು ಹೋಗುವ ಕಟ್ಟು ಅದು. 2022ರ ನವೆಂಬರ್‌ನಲ್ಲಿ ಮೊದಲ ಸಲ ಶಬರಿಮಲೆ ಸೀಸನ್‌ಗೆ ಅಂತ ಜನವರಿ 20ರವರೆಗೆ ಕೈಯಲ್ಲಿ ಒಯ್ಯಲು ಬಿಟ್ಟರು. 2025ರ ಸೀಸನ್‌ಗೂ ಇತ್ತು. ಎಕ್ಸ್‌ರೇ ಮಾಡುತ್ತಾರೆ, ಸ್ಫೋಟಕದ ಪರೀಕ್ಷೆ ಮಾಡುತ್ತಾರೆ, ಕೈಯಿಂದಲೂ ಮುಟ್ಟಿ ನೋಡುತ್ತಾರೆ. ಕೊಚ್ಚಿಗೆ ಹೋಗುವ ಸ್ವಾಮಿಗಳು ಸ್ವಲ್ಪ ಬೇಗ ಹೊರಡಿ.

ಮಲೆನಾಡು ಮಳೆ

ತೆಂಗಿನಕಾಯಿ ವಿಷಯ ಬಂತಲ್ಲ, ಒಂದು ಪ್ರಶ್ನೆ. ಸಂಕ್ರಾಂತಿಗೆ ದೆಹಲಿಯ ಅಕ್ಕನ ಮನೆಗೆ ಹೊರಟಿದ್ದೇನೆ. ಎಳ್ಳು ಬೀರುವುದಕ್ಕೆ ಅಮ್ಮ ಒಂದು ಚೀಲ ಕೊಬ್ಬರಿ ಬಟ್ಟಲು, ಸಕ್ಕರೆ ಅಚ್ಚು, ಬೆಲ್ಲ ಕೊಟ್ಟಿದ್ದಾರೆ. ಬಿಡ್ತಾರಾ?

ಕೌಂಟರ್ ನಂಬರ್ 4

ಸಕ್ಕರೆ ಅಚ್ಚು, ಬೆಲ್ಲಕ್ಕೆ ಏನೂ ತೊಂದರೆ ಇಲ್ಲಮ್ಮ. ಅಚ್ಚು ಕೈಚೀಲದಲ್ಲೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಪುಡಿಯಾಗುತ್ತೆ. ಒಣಕೊಬ್ಬರಿ ಮಾತ್ರ ಚೆಕ್-ಇನ್ ಲಗೇಜಿನಲ್ಲಿ ಬೇಡವೇ ಬೇಡ. ಎಣ್ಣೆ ಅಂಶ ಜಾಸ್ತಿ, ಬೆಂಕಿಯ ಭಯ ಅಂತ ತೆಗೆದಿಡುತ್ತಾರೆ. ಬ್ಯಾಗ್ ತೆರೆಸಲು ನಿಮ್ಮನ್ನು ಗೇಟಿನಿಂದ ವಾಪಸ್ ಕರೆಸಬಹುದು.

ಮಲೆನಾಡು ಮಳೆ

ಅಯ್ಯೋ. ಹಾಗಾದರೆ ಕೊಬ್ಬರಿ ಇಲ್ಲೇ ಬಿಡುತ್ತೇನೆ. ದೆಹಲಿಯಲ್ಲಿ ಒಳ್ಳೆ ಕೊಬ್ಬರಿ ಬಟ್ಟಲು ಎಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಾ?

ಧಾರವಾಡ ಪೇಡ

ಕರೋಲ್ ಬಾಗ್ ಕಡೆ ದಕ್ಷಿಣದವರ ಅಂಗಡಿಗಳಿವೆ, ಅಲ್ಲಿ ಕೇಳಿ ನೋಡಿ. ಇಲ್ಲಾಂದ್ರೆ ಯಾವುದೇ ಕಿರಾಣಿ ಅಂಗಡಿಯಲ್ಲಿ 'ಸೂಖಾ ನಾರಿಯಲ್' ಅಂದರೆ ಕೊಡುತ್ತಾರೆ. ಸಣ್ಣಗೆ ಹೆಚ್ಚುವ ಕೆಲಸ ನಿಮ್ಮದೇ.